ಸುಸ್ತಾಗಿ ಮಲಗಿದ್ದಾಳೆ

ದರ್ಜಿ ತನ್ನ ಹೆಂಡತಿಯನ್ನು ಹೆಸರು ಹಿಡಿದು ಕರೆದವನಲ್ಲ. ಮದುವೆಯಾದ ಹೊಸದರಲ್ಲಿ ನಾಚಿಕೊಂಡು ‘ಇವಳೇ’ ಎಂದದ್ದು ಬಾಯಿಗೆ ಅಂಟಿಕೊಂಡಿತು, ನಲವತ್ತು ವರ್ಷ ಹಾಗೆಯೇ ನಡೆಯಿತು. ಮಗ ಅಮ್ಮ ಎಂದ, ಸೊಸೆ ಅತ್ತೆ ಎಂದಳು, ಮೊಮ್ಮಗಳು ಅಜ್ಜಿ ಎಂದಳು, ಅಂಗಡಿಗೆ ಬರುವ ಗಿರಾಕಿಗಳು ಟೈಲರಮ್ಮ ಎಂದರು. ಆಕೆಗೂ ತಂದೆತಾಯಿ ಇಟ್ಟ ಒಂದು ಹೆಸರಿದೆ ಎಂಬುದು ಮನೆಯವರಿಗೇ ಮರೆತುಹೋದಂತಿತ್ತು. ಅದನ್ನು ಕೊನೆಯ ಸಲ ಗಟ್ಟಿಯಾಗಿ ಕೂಗಿದವಳು ಆಸ್ಪತ್ರೆಯ ನರ್ಸು. ಚಳಿಗಾಲದ ಒಂದು ಬೆಳಗ್ಗೆ, ಉದ್ದನೆಯ ಕಾರಿಡಾರಿನ ಕೊನೆಯಲ್ಲಿ ನಿಂತು, ಆ ಹೆಸರು ಹೇಳಿ, “ಇವರ ಕಡೆಯವರು ಯಾರು?” ಎಂದು ಕೇಳಿದಳು. ದರ್ಜಿ ಎದ್ದು ನಿಂತ. ಆಮೇಲೆ ಆ ಹೆಸರನ್ನು ಕೂಗುವ ಕೆಲಸ ಯಾರಿಗೂ ಬೀಳಲಿಲ್ಲ.

ಬೇಸಿಗೆ ಮುಗಿಯುತ್ತ ಬಂದಾಗ ಅದೇ ಹೆಸರಿಗೆ ಅಂಚೆಯಲ್ಲಿ ಒಂದು ಲಕೋಟೆ ಬಂತು. ಒಳಗೆ ಚೌಕನೆಯ ಒಂದು ಬಟ್ಟೆಯ ತುಂಡು, ಅದರ ಮೇಲೆ ದಪ್ಪ ಅಂಕಿಗಳಲ್ಲಿ ಒಂದು ನಂಬರು. ಎದೆಯ ಮೇಲೆ ಹಾಕಿಕೊಂಡು ಓಡುವ ನಂಬರು.

ಅದರ ಹಿಂದಿನ ಸಂಗತಿ ಇಷ್ಟು. ಸಕ್ಕರೆ ಕಾಯಿಲೆಗೆ ನಡೆದಾಡಬೇಕೆಂದು ಡಾಕ್ಟರು ಹೇಳಿದ್ದರಿಂದ ಆಕೆ ಸೊಸೆಯ ಜೊತೆ ಬೆಳಗಿನ ಹೊತ್ತು ಹೊರಗೆ ಹೋಗತೊಡಗಿದಳು. ಸೊಸೆ ಬಿಸ್ಕತ್ತು ಕಾರ್ಖಾನೆಯಲ್ಲಿ ಪೊಟ್ಟಣ ಕಟ್ಟುವ ಕೆಲಸದವಳು. ದಿನವಿಡೀ ನಿಂತೇ ಇರಬೇಕಾದ ಕಾಲುಗಳಿಗೆ ಬೆಳಗ್ಗೆಯಾದರೂ ಓಡುವ ಸುಖ ಬೇಕು ಎನ್ನುವವಳು. ನಡಿಗೆ ಹೋಗಿ ಓಟವಾಯಿತು. ದರ್ಜಿ ಹೊಲಿಗೆ ಯಂತ್ರದ ಹಿಂದೆ ಕೂತು, “ಈ ವಯಸ್ಸಲ್ಲಿ ಓಡಿ ಯಾವ ಬಸ್ಸು ಹಿಡೀಬೇಕಾಗಿದೆಯೋ,” ಎನ್ನುತ್ತಿದ್ದ. ಆಕೆ ನಗುತ್ತಿದ್ದಳು. ನಕ್ಕು ಸುಮ್ಮನಾಗದೆ, ದೂರದ ಒಂದು ಸಣ್ಣ ಊರಿನಲ್ಲಿ ಕೆರೆಯ ಸುತ್ತ ವರ್ಷಕ್ಕೊಮ್ಮೆ ನಡೆಯುವ ಓಟಕ್ಕೆ ಹೆಸರು ಕೊಟ್ಟು, ಆ ಶನಿವಾರ ಭಾನುವಾರಕ್ಕೆ ಮನೆಮಂದಿಗೆಲ್ಲ ಒಂದು ರೂಮನ್ನೂ ಗೊತ್ತುಮಾಡಿದಳು. ಸೊಸೆಗೆ ಆಗ ರಜೆ ಸಿಗುವ ಭರವಸೆ ಇರಲಿಲ್ಲ, ಅದಕ್ಕೇ ಅವಳು ಹೆಸರು ಕೊಡಲಿಲ್ಲ. ಓಡುವುದಕ್ಕೆ ಒಂದು ಸಡಿಲ ಪೈಜಾಮ ಹೊಲಿದುಕೊಡಿ ಎಂದು ಆಕೆ ಗಂಡನನ್ನು ಕೇಳಿದಳು. ಅವನು ಅಳತೆ ತೆಗೆದ, ಬಟ್ಟೆ ಕತ್ತರಿಸಿದ, ಅರಿವೆಯ ಪಟ್ಟಿಯಿಂದ ಗಂಟು ಕಟ್ಟಿ ಹಲಗೆಯ ಮೇಲಿಟ್ಟ. ಗಿರಾಕಿಗಳ ಕೆಲಸ ಮೊದಲು ಎಂದ. ಆ ಗಂಟು ಇನ್ನೂ ಅಲ್ಲೇ ಇತ್ತು.

ಲಕೋಟೆ ಬಂದ ದಿನ ಸಂಜೆ ಊಟಕ್ಕೆ ಕೂತಾಗ ಮಗ ಮಾತು ತೆಗೆದ. ಅವನು ಲಿಫ್ಟು ರಿಪೇರಿ ಮಾಡುವವನು. ಎಲ್ಲಿ ಏನು ಸಿಕ್ಕಿಕೊಂಡರೂ ಸದ್ದಿಲ್ಲದೆ ಮೇಲೋ ಕೆಳಗೋ ಸಾಗಿಸಿಬಿಡುವುದು ಅವನ ಕಸುಬು. ಮನೆಯಲ್ಲೂ ಅದೇ ಅಭ್ಯಾಸ.

“ರೂಮಿಗೆ ಅಮ್ಮ ಆಗಲೇ ದುಡ್ಡು ಕಟ್ಟಿಬಿಟ್ಟಿದ್ದಾಳೆ. ವಾಪಸ್ ಕೊಡೋದಿಲ್ವಂತೆ,” ಎಂದ.

“ಅದಕ್ಕೆ?” ಎಂದ ದರ್ಜಿ.

“ಹೋಗಿ ಬರೋಣ ಅಂತ. ಗುಬ್ಬಿಗೂ ಸ್ಕೂಲಿಲ್ಲ.”

ಗುಬ್ಬಿ ಮೊಮ್ಮಗಳು. ಮೊಟ್ಟೆಯ ಹಳದಿಯನ್ನು ಕೊನೆಗೆ ತಿನ್ನಬೇಕೆಂದು ತಟ್ಟೆಯ ಅಂಚಿಗೆ ತಳ್ಳಿಟ್ಟುಕೊಂಡಿದ್ದಳು.

“ಅವಳು ಹೋಗಿ ವರ್ಷ ತುಂಬಿಲ್ಲ, ನಿಮಗೆ ಪ್ರವಾಸ,” ಎಂದ ದರ್ಜಿ.

“ಪ್ರವಾಸ ಅಲ್ಲ ಮಾವ,” ಎಂದಳು ಸೊಸೆ. “ಅತ್ತೆ ನಂಬರು ಹಾಕ್ಕೊಂಡು ನಾನು ಓಡ್ತೀನಿ. ಈಗ ರಜ ಕೊಡ್ತಾರೆ.”

“ಅವಳ ನಂಬರು ನೀನು ಹಾಕ್ಕೋಬಹುದಾ?”

“ಸಣ್ಣ ಊರು, ಸಣ್ಣ ಓಟ. ಯಾರು ಕೇಳ್ತಾರೆ? ನಾನೇನು ಬಹುಮಾನಕ್ಕೆ ಓಡ್ತೀನಾ? ಅವರಿಗೆ ಆ ಕೆರೆ ಒಂದು ಸುತ್ತು ಹಾಕಬೇಕು ಅಂತಿತ್ತು. ಹಾಕಿ ಬರ್ತೀನಿ ಅಷ್ಟೇ.”

ದರ್ಜಿ ತಟ್ಟೆಯಲ್ಲೇ ಕೈ ತೊಳೆದು ಎದ್ದ. ಬೇಡ ಎನ್ನಲಿಲ್ಲ. ಆ ಮನೆಯಲ್ಲಿ ಅವನು ಬೇಡ ಎನ್ನದಿದ್ದರೆ ಆಯಿತು ಎಂದೇ ಅರ್ಥ.

ಶನಿವಾರ ಬಸ್ಸು ಹತ್ತಿ ಮಧ್ಯಾಹ್ನ ದಾಟಿದ ಮೇಲೆ ಆ ಊರು ಸೇರಿದರು. ಎರಡು ಮಂಚಗಳ ಸಣ್ಣ ರೂಮು. ಕಿಟಕಿಯಿಂದ ಕೆರೆಯ ಒಂದು ಮೂಲೆ ಕಾಣುತ್ತಿತ್ತು. ನಲ್ಲಿಯ ಬುಡಕ್ಕೆ ಯಾರೋ ಬಟ್ಟೆ ಸುತ್ತಿದ್ದರು. ಮಗ ಬಿಚ್ಚಿ ನೋಡಿ, ತನ್ನ ಕಸುಬಲ್ಲದಿದ್ದರೂ ಅರ್ಧಗಂಟೆ ಕೂತು ಸೋರುವುದನ್ನು ನಿಲ್ಲಿಸಿದ. ಸೊಸೆ ನಂಬರನ್ನು ಅಂಗಿಗೆ ಚುಚ್ಚಲು ಪಿನ್ನು ಹುಡುಕುತ್ತಿದ್ದಳು.

“ಇಲ್ಲಿ ಕೊಡು,” ಎಂದ ದರ್ಜಿ.

“ಪಿನ್ನು ಸಾಕು ಮಾವ.”

“ಟೈಲರ್ ಮನೆಯವಳು ಪಿನ್ನು ಚುಚ್ಕೊಂಡು ಹೋಗ್ತಾಳಾ? ಕೊಡು.”

ಜೇಬಿನಲ್ಲಿ ಸದಾ ಇರುವ ಸೂಜಿ ದಾರ ತೆಗೆದು, ಅಂಗಿಯನ್ನು ಮಂಚದ ಮೇಲೆ ಹಾಸಿ, ನಂಬರಿನ ನಾಲ್ಕು ಅಂಚನ್ನೂ ಒಳಕ್ಕೆ ಮಡಿಸಿ ಹೊಲಿದ. ಓಡಿದರೆ ಉಬ್ಬದಂತೆ, ಉಸಿರೆಳೆದರೆ ಬಿಗಿಯದಂತೆ ಹೊಲಿದ. ಅಷ್ಟು ಸಣ್ಣ ತುಂಡಿಗೆ ಅವನು ತೆಗೆದುಕೊಂಡ ಹೊತ್ತನ್ನು ಕಂಡು ಗುಬ್ಬಿ, “ತಾತ, ಇದು ಮದುವೆ ಕೋಟಾ?” ಎಂದು ಕೇಳಿದಳು. ಎಲ್ಲರೂ ನಕ್ಕರು. ಆಕೆ ಹೋದ ಮೇಲೆ ಆ ನಾಲ್ಕು ಮಂದಿ ಒಟ್ಟಿಗೆ ನಕ್ಕದ್ದು ಅದೇ ಮೊದಲು.

ಭಾನುವಾರ ಬೆಳಗ್ಗೆ ಶಾಲೆಯ ಮೈದಾನದಲ್ಲಿ ಜನ ಸೇರಿದರು. ಮಕ್ಕಳು, ಅಂಗಡಿಯವರು, ಹೊಟ್ಟೆ ಬಂದ ಗುಮಾಸ್ತರು, ಮುದುಕರು. ಕುತ್ತಿಗೆಗೆ ಸೀಟಿ ಕಟ್ಟಿಕೊಂಡ ಡ್ರಿಲ್ ಮಾಸ್ತರು ಎಲ್ಲದಕ್ಕೂ ಯಜಮಾನ. ಸೀಟಿ ಊದಿದೊಡನೆ ಗುಂಪು ಗೇಟು ದಾಟಿ ಕೆರೆಯ ಏರಿಗೆ ಹೋಯಿತು. ದರ್ಜಿ ಬೆಂಚಿನ ಮೇಲೆ ಕೂತು, ಎದುರಿಗೆ ಕಟ್ಟಿದ ಬಟ್ಟೆಯ ತೋರಣದ ಹೊಲಿಗೆ ಎಷ್ಟು ಕೆಟ್ಟದಾಗಿದೆ ಎಂದು ನೋಡುತ್ತ ಕಾಲ ಕಳೆದ. ಸೊಸೆ ವಾಪಸು ಬಂದದ್ದನ್ನು ಅವನು ನೋಡಲಿಲ್ಲ. ನೋಡಿದವಳು ಗುಬ್ಬಿ.

“ತಾತ, ಅಮ್ಮ ಬಂದ್ಲು, ಎಷ್ಟು ಜನರನ್ನ ಹಿಂದೆ ಹಾಕಿದ್ಲು ಗೊತ್ತಾ,” ಎಂದು ಕೂಗಿದಳು.

“ಸರಿ, ನೀರು ಕೊಡು ಹೋಗು,” ಎಂದ ದರ್ಜಿ.

ಸೊಸೆ ಮುಖ ತೊಳೆಯಲು ಶಾಲೆಯ ಹಿಂದಿನ ನಲ್ಲಿಯ ಹತ್ತಿರ ಹೋಗಿ ಕೂತಳು. ಗುಬ್ಬಿಯೂ ಅವಳ ಹಿಂದೆ ಓಡಿದಳು. ಮಗ ಹಣ್ಣು ತರಲು ಹೋದ. ದರ್ಜಿ ಒಬ್ಬನೇ ಉಳಿದ. ಆಗ ಮೈಕಿನಲ್ಲಿ ಬಹುಮಾನದ ಹೆಸರುಗಳನ್ನು ಕರೆಯತೊಡಗಿದರು. ಮಕ್ಕಳದಾಯಿತು, ಗಂಡಸರದಾಯಿತು. “ಅರವತ್ತು ದಾಟಿದ ಹೆಂಗಸರು,” ಎಂದು ಡ್ರಿಲ್ ಮಾಸ್ತರು ಚೀಟಿ ನೋಡಿ, ಆಕೆಯ ಹೆಸರನ್ನು ಕೂಗಿದ.

ಮೈದಾನದ ನಾಲ್ಕು ಮೂಲೆಗೂ ಕಟ್ಟಿದ್ದ ಹಾರ್ನುಗಳಲ್ಲಿ ಆ ಹೆಸರು ಕೇಳಿತು. ಯಾರೂ ಎದ್ದು ಬರದಿದ್ದಾಗ ಮತ್ತೊಮ್ಮೆ ಕೂಗಿದ. ಹಿಂದೆ ಒಮ್ಮೆ ಆ ಹೆಸರು ಕೂಗಿದಾಗ ಎದ್ದು ನಿಂತ ಹಾಗೆಯೇ ದರ್ಜಿ ಈಗಲೂ ಎದ್ದು ನಿಂತ. ಕಾಲು ತಾನಾಗಿ ವೇದಿಕೆಯ ಕಡೆಗೆ ನಡೆಯಿತು.

“ನೀವು?”

“ಅವಳ ಯಜಮಾನ.”

“ಎಲ್ಲಿ ಅಮ್ಮ?”

ಸತ್ತಿದ್ದಾಳೆ ಎನ್ನಬಹುದಿತ್ತು. ಓಡಿದವಳು ಸೊಸೆ ಎನ್ನಬಹುದಿತ್ತು. ಎರಡೂ ನಿಜ, ಎರಡೂ ಸಣ್ಣ ಮಾತು. ದೇವರು ಕೊಟ್ಟ ಬಾಯಿಯನ್ನು ದರ್ಜಿ ತನ್ನ ಆಯುಷ್ಯದಲ್ಲಿ ಒಂದು ಗೇಣು ಬಟ್ಟೆಗೂ ಸುಳ್ಳಾಡಲು ಬಳಸಿದವನಲ್ಲ. ಆ ಬಾಯಿ ತೆರೆದು ಹೇಳಿತು:

“ಸುಸ್ತಾಗಿ ಮಲಗಿದ್ದಾಳೆ.”

ಮೈಕು ಹತ್ತಿರವಿತ್ತು. ಅದೂ ಎಲ್ಲರಿಗೂ ಕೇಳಿತು. ಜನ ನಕ್ಕು ಚಪ್ಪಾಳೆ ತಟ್ಟಿದರು. ನಗುವಿನಲ್ಲಿ ಪ್ರೀತಿ ಇತ್ತು. ಡ್ರಿಲ್ ಮಾಸ್ತರು ನೀಲಿ ಪಟ್ಟಿಯ ಪದಕವನ್ನು ಅವನ ಕೊರಳಿಗೇ ಹಾಕಿದ. ಎರಡನೆಯವಳೆಂದು ಪಕ್ಕದಲ್ಲಿ ನಿಂತಿದ್ದ ತೆಳ್ಳನೆಯ ಮುದುಕಿ, ಕ್ಯಾನ್ವಾಸ್ ಬೂಟಿನವಳು, ಅವನನ್ನು ಮೇಲಿಂದ ಕೆಳಗೆ ನೋಡಿ ಹೇಳಿದಳು:

“ನಿಮ್ಮನೆಯವರ ಮುಖ ನೋಡಬೇಕಿತ್ತು. ದಾರಿಯುದ್ದಕ್ಕೂ ಹೆಂಗಸರ ಬೆನ್ನೇ ಕಂಡಿತು, ಅದರಲ್ಲಿ ಅರವತ್ತರ ಬೆನ್ನು ಯಾವುದು ಅಂತ ಗೊತ್ತಾಗಲಿಲ್ಲ.”

ಸೊಸೆ ಮುಖ ಒರೆಸಿಕೊಳ್ಳುತ್ತ ಓಡಿ ಬರುವಷ್ಟರಲ್ಲಿ ದರ್ಜಿ ಕೆಳಗಿಳಿದಿದ್ದ.

“ಏನಿದು ಮಾವ?”

“ಅವಳಿಗೆ ಕೊಟ್ಟರು.”

“ಯಾರಿಗೆ?”

ದರ್ಜಿ ಪದಕವನ್ನು ಅಂಗೈಯಲ್ಲಿ ಮುಚ್ಚಿಕೊಂಡ.

“ಅತ್ತೆಗೆ ಕೊಟ್ಟರಾ? ಅತ್ತೆ ಎಲ್ಲಿದ್ದಾರೆ ಅಂದ್ರಿ? ಮೈಕಲ್ಲಿ ನಾನೂ ಕೇಳಿಸ್ಕೊಂಡೆ. ವಾಪಸ್ ಕೊಟ್ಟು ಬನ್ನಿ. ಆ ಮುದುಕಮ್ಮ ಇನ್ನೂ ಅಲ್ಲೇ ನಿಂತಿದ್ದಾರೆ.”

ಮಗ ಹಣ್ಣಿನ ಚೀಲ ಹಿಡಿದು ಬಂದ. ಹೆಂಡತಿಯ ಮುಖ ನೋಡಿದ, ಅಪ್ಪನ ಕೊರಳು ನೋಡಿದ. “ಬಸ್ಸಿಗೆ ಹೊತ್ತಾಯ್ತು,” ಎಂದ.

ಅಂದು ಬಸ್ಸಿನಲ್ಲಿ ನಾಲ್ವರೂ ಬೇರೆ ಬೇರೆ ಸೀಟಿನಲ್ಲಿ ಕೂತರು. ಹಣ್ಣು ಚೀಲದಲ್ಲೇ ಉಳಿಯಿತು.

ಮನೆಗೆ ಬಂದ ಮೇಲೆ ದರ್ಜಿ ಪದಕವನ್ನು, ಮನೆಯ ಮುಂದಿನ ಕೋಣೆಯೇ ಆಗಿದ್ದ ಅಂಗಡಿಯಲ್ಲಿ, ಹೆಂಡತಿಯ ಫೋಟೋಗೆ ತೂಗುಹಾಕಿದ. ಭಾರಕ್ಕೆ ಫೋಟೋ ಮುಂದಕ್ಕೆ ಬಾಗಿತು. ಆಕೆ ಯಂತ್ರದ ಮೇಲೆ ಬಗ್ಗಿ ಹೊಲಿಗೆ ನೋಡುತ್ತಿರುವಂತೆ ಕಂಡಿತು.

ಗಿರಾಕಿಗಳು ಕೇಳಿದರು. ಕಾಲರು ತಿರುಗಿಸಲು ಬಂದ ಕಂಡಕ್ಟರು, “ಏನ್ರೀ ಇದು, ಟೈಲರಮ್ಮನಿಗೆ ಯಾವಾಗ ಬಂತು?” ಎಂದ. “ಓಡ್ತಿದ್ದಳಲ್ಲ, ಅದಕ್ಕೆ,” ಎಂದ ದರ್ಜಿ. ಅದು ಪೂರ್ತಿ ಸುಳ್ಳಲ್ಲ ಎಂದುಕೊಂಡ. ಮುಂದಿನ ವಾರ ಬೇರೆಯವರು ಕೇಳಿದಾಗ, “ಅರವತ್ತು ದಾಟಿದವರಲ್ಲಿ ಮೊದಲನೆಯವಳು,” ಎಂದ. ಅಡಿಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಸೊಸೆ ಮುಚ್ಚಳವೊಂದನ್ನು ಕಲ್ಲಿನ ಮೇಲೆ ಬೇಕೆಂದೇ ಬಿಟ್ಟಳು. ಅದು ಸುತ್ತಿ ಸುತ್ತಿ ನಿಲ್ಲುವವರೆಗೂ ಸದ್ದು ಮಾಡಿತು.

ದರ್ಜಿ ದಿನವೂ ಅಂಗಡಿ ತೆರೆಯುವ ಮೊದಲು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುವವನು. ಹೆಂಡತಿ ಹೋದ ದಿನವೂ ಬಿಟ್ಟಿರಲಿಲ್ಲ. ಈಗ ಕಣ್ಣು ಮುಚ್ಚಿದರೆ ಮಾತು ಹೊರಡುತ್ತಿರಲಿಲ್ಲ. ದಾರವಿಲ್ಲದ ಸೂಜಿ ಬಟ್ಟೆಯಲ್ಲಿ ಹೋಗಿ ಬಂದ ಹಾಗೆ ತುಟಿ ಮಾತ್ರ ಆಡುತ್ತಿತ್ತು.

ಸೊಸೆ ಬೆಳಗಿನ ಓಟ ಬಿಡಲಿಲ್ಲ. ಮಾವನ ಜೊತೆ ಮಾತು ಬಿಟ್ಟಳು. ತಟ್ಟೆ ಮುಂದಿಡುತ್ತಿದ್ದಳು, ಬೇಕೇ ಎಂದು ಕೇಳುತ್ತಿರಲಿಲ್ಲ. ಅವಳ ಪಾಲಿನ ಮಾತುಗಳೆಲ್ಲ ಗುಬ್ಬಿಯ ಮೂಲಕ ಬರುತ್ತಿದ್ದವು. “ತಾತನ್ನ ಕೇಳು, ಬಟ್ಟೆ ಒಗೆಯೋದಿದೆಯಾ.” ತಾತ ಎದುರಿಗೇ ಕೂತಿರುತ್ತಿದ್ದ.

ಹೀಗಿರುವಾಗ ಒಂದು ಸಂಜೆ ಮಗನ ಮೊಬೈಲಿಗೆ ಡ್ರಿಲ್ ಮಾಸ್ತರರ ಫೋನು ಬಂತು. ಹೆಸರು ಕೊಡುವಾಗ ಆಕೆ ಮಗನ ನಂಬರನ್ನೇ ಕೊಟ್ಟಿದ್ದಳು. ಮಗ ಊಟದ ನಡುವೆಯೇ ಎದ್ದು ಬಾಗಿಲ ಹತ್ತಿರ ನಿಂತು ಮಾತಾಡಿದ.

“ಹೌದು... ಹೌದು, ನಮ್ಮ ತಾಯಿಯೇ ಓಡಿದ್ದು... ಇಲ್ಲ, ಈಗ ಮಾತಾಡೋಕಾಗಲ್ಲ, ಹುಷಾರಿಲ್ಲ... ಆಗಲಿ, ಹೇಳ್ತೀನಿ.”

ಬಂದು ಕೂತು ಬ್ರೆಡ್ಡು ಮುರಿದ. ಯಾರೂ ಕೇಳದಿದ್ದರೂ, “ಯಾರೋ ತಕರಾರು ಮಾಡಿದ್ದಾರಂತೆ. ಮುಗೀತು ಬಿಡಿ,” ಎಂದ.

ಸೊಸೆ ಅಂದು ಬಾಯಿ ಬಿಟ್ಟಳು.

“ಏನು ಮುಗೀತು? ಮೊದಲು ಮಲಗಿದ್ದರು, ಈಗ ಹುಷಾರಿಲ್ಲ. ಸತ್ತವರಿಗೆ ಕಾಯಿಲೆನೂ ಬಂತಾ? ನಾಳೆ ಇನ್ನೊಂದು ಫೋನು ಬಂದ್ರೆ ಏನು ಮಾಡ್ತೀರಿ, ಇನ್ನೊಂದು ಸಲ ಸಾಯಿಸ್ತೀರಾ?”

“ಅಪ್ಪನ ಮುಂದೆ ಹಾಗೆಲ್ಲ...”

“ಅಪ್ಪನ ಮುಂದೇ ಹೇಳ್ತಿರೋದು. ಓಡಿದ್ದು ನನ್ನ ಕಾಲು. ನಾನು ಹುಟ್ಟಿದ ಮೇಲೆ ಅಷ್ಟು ಚೆನ್ನಾಗಿ ಓಡಿರಲಿಲ್ಲ. ಅದನ್ನ ನನಗೆ ಕೊಡಿ ಅಂತ ಕೇಳಲಿಲ್ಲ ನಾನು, ನಂಬರು ನನ್ನದಲ್ಲ, ಅದು ನನ್ನ ತಪ್ಪೇ. ಆದರೆ ಆ ಮುದುಕಮ್ಮನದು ಯಾಕೆ ಕಿತ್ಕೊಂಡ್ರಿ?”

“ನಾನು ಕಿತ್ಕೊಳ್ಳಲಿಲ್ಲ,” ಎಂದ ದರ್ಜಿ. “ಅವಳ ಹೆಸರು ಕರೆದರು. ನೀನೂ ಕೇಳಿದೆಯಲ್ಲ, ಹೇಗೆ ಕರೆದರು ಅಂತ. ಅಷ್ಟು ಜನರ ಮುಂದೆ. ಅದನ್ನ ಹೇಗಮ್ಮ ಬೇಡ ಅನ್ನಲಿ?”

“ಬದುಕಿದ್ದಾಗ ನೀವು ಕರೀಬಹುದಿತ್ತು.”

ಸೊಸೆ ಎದ್ದು ಅಂಗಡಿಯ ಕಡೆ ಹೋಗಿ, ಹಲಗೆಯ ಮೇಲಿಂದ ಆ ಗಂಟನ್ನು ತಂದು ಅವನ ತಟ್ಟೆಯ ಪಕ್ಕ ಇಟ್ಟಳು.

“ಒಂದು ಪೈಜಾಮ ಕೇಳಿದ್ರು. ಅದನ್ನ ಹೊಲಿದು ಕೊಡೋಕಾಗಲಿಲ್ಲ ನಿಮಗೆ. ಹರಿದ ಹಳೇದನ್ನ ಮಡಚಿಕೊಂಡು ಓಡ್ತಿದ್ರು ನನ್ನ ಜೊತೆ. ಈಗ ಅವರಿಗೆ ಮೆಡಲ್ಲು.”

ದರ್ಜಿ ಆ ರಾತ್ರಿ ಊಟ ಮುಗಿಸಲಿಲ್ಲ. ಆದರೂ ಪದಕ ತೆಗೆಯಲಿಲ್ಲ. ಮನುಷ್ಯನಿಗೆ ತಪ್ಪು ಗೊತ್ತಾಗುವುದಕ್ಕೂ ಅದನ್ನು ಕೈಯಿಂದ ಬಿಡುವುದಕ್ಕೂ ನಡುವೆ ಬಹಳ ದಾರಿ ಇರುತ್ತದೆ. ಆ ದಾರಿಯಲ್ಲಿ ಅವನನ್ನು ಮುಂದಕ್ಕೆ ತಳ್ಳಿದವಳು ಗುಬ್ಬಿ.

ಗುಬ್ಬಿ ಮೂರು ದಿನ ಶಾಲೆಗೆ ಹೋಂವರ್ಕು ಬರೆದುಕೊಂಡು ಹೋಗಿರಲಿಲ್ಲ. ಟೀಚರು ಕೇಳಿದ್ದಕ್ಕೆ, ಅಮ್ಮನಿಗೆ ಹುಷಾರಿಲ್ಲ, ಮಲಗಿದ್ದಾಳೆ, ಎಲ್ಲ ಕೆಲಸ ನಾನೇ ಮಾಡಬೇಕು ಎಂದಿದ್ದಳು. ಟೀಚರು ಮರುಗಿ, ಒಂದು ಡಬ್ಬಿಯಲ್ಲಿ ಹಣ್ಣು ಹೆಚ್ಚಿ ಹಾಕಿಕೊಂಡು ರೋಗಿಯನ್ನು ನೋಡಲು ಬೆಳಗ್ಗೆ ಶಾಲೆಗೆ ಮೊದಲೇ ಬಂದರು. ಬಾಗಿಲು ತೆರೆದವಳು ಸೊಸೆ, ಆಗಷ್ಟೇ ಓಡಿ ಬಂದು ಬೆವರಿಳಿಯುತ್ತಿದ್ದವಳು.

ಟೀಚರು ಹೋದ ಮೇಲೆ ಮಗ ಕೈ ಎತ್ತಿದ. ಎಂದೂ ಎತ್ತಿದವನಲ್ಲ. “ಸುಳ್ಳು ಯಾರು ಕಲಿಸಿದ್ರು ನಿನಗೆ?”

ಗುಬ್ಬಿ ಗೋಡೆಗೆ ಒರಗಿ ನಿಂತಳು. ಅಳಲಿಲ್ಲ. “ತಾತ ಮೈಕಲ್ಲಿ ಹೇಳಿದಾಗ ಚಪ್ಪಾಳೆ ತಟ್ಟಿದ್ರು. ನೀನು ಫೋನಲ್ಲಿ ಹೇಳಿದಾಗ ಯಾರೂ ಹೊಡೀಲಿಲ್ಲ,” ಎಂದಳು.

ಮಗನ ಕೈ ಹಾಗೇ ಕೆಳಗಿಳಿಯಿತು. ದರ್ಜಿ ಎದ್ದು ಕುರ್ಚಿ ಹಾಕಿಕೊಂಡು ಫೋಟೋದಿಂದ ಪದಕ ಬಿಡಿಸಿದ. ಭಾರ ಇಳಿದ ಫೋಟೋ ಹಿಂದಕ್ಕೆ ಸರಿದು ಗೋಡೆಗೆ ತಾಗಿತು.

ಭಾನುವಾರ ಒಬ್ಬನೇ ಬಸ್ಸು ಹತ್ತಿದ. ಜೊತೆಗೆ ಬರುತ್ತೀಯಾ ಎಂದು ಸೊಸೆಯನ್ನು ಕೇಳಿದ್ದ. “ತಗೊಂಡು ಬಂದವರೇ ಕೊಟ್ಟು ಬರಲಿ ಅಂತ ಹೇಳು,” ಎಂದು ಅವಳು ಗುಬ್ಬಿಗೆ ಹೇಳಿದಳು.

ಬಸ್ ನಿಲ್ದಾಣದ ಹತ್ತಿರದ ಚಹಾ ಅಂಗಡಿಯಲ್ಲಿ ದಾರಿ ಕೇಳೋಣವೆಂದು ನಿಂತ. ಅಲ್ಲಿ ಮೂಟೆ ಇಳಿಸುವ ನಾಲ್ಕು ಜನ ಕೂತಿದ್ದರು. ಅವರಲ್ಲೊಬ್ಬ ಏಳಲು ತಡಮಾಡಿದ. ಇನ್ನೊಬ್ಬ ಅವನ ಬೆನ್ನು ತಟ್ಟಿ, “ಏನಪ್ಪಾ, ಸುಸ್ತಾಗಿ ಮಲಗಿದ್ದಾಳಾ?” ಎಂದ. ಎಲ್ಲರೂ ಗೊಳ್ಳೆಂದು ನಕ್ಕರು.

ಚಹಾದ ಲೋಟ ತೆಗೆದುಕೊಳ್ಳುತ್ತಿದ್ದ ದರ್ಜಿ ಅವರ ಕಡೆ ತಿರುಗಿ, “ಏನು ಮಾತು ಅದು?” ಎಂದು ಕೇಳಿದ.

“ಹೊಸಬರಾ ನೀವು?” ಎಂದ ಚಹಾದವನು. “ಇಲ್ಲಿ ಈಗ ಅದೇ ಮಾತು. ಓಟದ ದಿನ ಒಬ್ಬಳು ಮುದುಕಿ ಬಂದಿದ್ದಳು. ಯಾವುದೋ ಹುಡುಗೀನ ತನ್ನ ನಂಬರಿಗೆ ಓಡಿಸಿ, ತಾನು ರೂಮಲ್ಲಿ ಮಲಗಿ, ಗಂಡನ್ನ ಕಳಿಸಿ ಮೆಡಲ್ ಹೊಡ್ಕೊಂಡು ಹೋದಳು. ಡ್ರಿಲ್ ಮಾಸ್ತರು ಯಾರೋ ತೆಗೆದ ಫೋಟೋ ನೋಡಿದ ಮೇಲೆ ಗೊತ್ತಾಯ್ತು.” ಆಮೇಲೆ ಅವಳ ಹೆಸರು ಹೇಳಿದ. ಪೂರ್ತಿ ಹೆಸರು, ಸರಿಯಾಗಿ ಹೇಳಿದ. “ಕಳ್ಳ ಮುದುಕಿ. ನಮ್ಮ ಹುಡುಗರಿಗೂ ಬಾಯಿಪಾಠ ಆಗಿದೆ ಆ ಹೆಸರು.”

ಚಹಾ ಕುಡಿಯದೆ ದರ್ಜಿ ಲೋಟವನ್ನು ಹಲಗೆಯ ಮೇಲಿಟ್ಟ. ಎರಡನೆಯವಳಾಗಿ ಬಂದ ಹೆಂಗಸಿನ ಮನೆ ಕೇಳಿದ. ಕೆರೆಯ ದಂಡೆಗೆ ಕೈ ತೋರಿಸಿದರು.

ಅವಳದು ಬಾಡಿಗೆ ಸೈಕಲ್ಲಿನ ಅಂಗಡಿ. ಬಿಸಿಲಿಗೆ ಬೂಟು ಒಣಗಲಿಟ್ಟು ಬರಿಗಾಲಿನಲ್ಲಿ ನಿಂತು ಒಂದು ಚಕ್ರಕ್ಕೆ ಗಾಳಿ ಹೊಡೆಯುತ್ತಿದ್ದಳು. ಮೊಣಕಾಲಿಗೆ ದಪ್ಪನೆಯ ಪಟ್ಟಿ ಸುತ್ತಿತ್ತು. ಅವನನ್ನು ನೋಡಿದ ಕೂಡಲೇ ಗುರುತು ಹಿಡಿದಳು. ಗಾಳಿ ಹೊಡೆಯುವುದನ್ನು ನಿಲ್ಲಿಸಲಿಲ್ಲ.

“ಎದ್ದಳಾ?” ಎಂದಳು.

ದರ್ಜಿ ಪದಕವನ್ನು ಜೇಬಿನಿಂದ ತೆಗೆದು ಚಾಚಿದ. “ಇದು ನಿಮ್ಮದು.”

“ನನ್ನದೇ. ಗೊತ್ತು. ಅವತ್ತು ಕೊಡಬೇಕಿತ್ತು. ಮಗಳು ಬಂದಿದ್ದಳು, ಅಳಿಯ ಬಂದಿದ್ದ, ನನ್ನ ಕೊನೆ ಓಟ ಅಂತ. ಮುಂದಿನ ತಿಂಗಳು ಮೊಣಕಾಲು ಕೊಯ್ತಾರೆ. ಎರಡನೆಯವಳಾದಳು ಅಮ್ಮ ಅಂದ್ಕೊಂಡು ಊರಿಗೆ ಹೋದ್ರು. ಈಗ ಈ ತಗಡು ತಗೊಂಡು ಯಾರಿಗೆ ತೋರಿಸಲಿ, ಸೈಕಲ್ಲಿಗಾ?”

ದರ್ಜಿ ಚಾಚಿದ ಕೈ ಹಿಂದೆ ತೆಗೆಯಲಿಲ್ಲ.

“ನಿನ್ನ ಹೆಂಡತೀನ ಕಳಿಸಬೇಕಿತ್ತು. ಎರಡು ಮಾತು ಮುಖಕ್ಕೆ ಹೇಳೋದಿತ್ತು ನನಗೆ. ದಿನಾ ಬೆಳಗ್ಗೆ ಬೂಟು ಕಟ್ಟುವಾಗ ಅವಳ ಹೆಸರು ಹಿಡಿದು ಬೈತೀನಿ. ಇನ್ನೂ ಮಲಗೇ ಇದ್ದಾಳಾ?”

“ಚಳಿಗಾಲದಿಂದ,” ಎಂದ ದರ್ಜಿ.

ಅವಳ ಕೈ ನಿಂತಿತು. ಪಂಪಿನ ಹಿಡಿಯ ಮೇಲೆ ಭಾರ ಹಾಕಿ ಅವನನ್ನೇ ನೋಡಿದಳು. ಚಕ್ರದಿಂದ ಸಣ್ಣಗೆ ಗಾಳಿ ಹೋಗುವ ಸದ್ದು ಕೇಳುತ್ತಿತ್ತು.

“ಓಟಕ್ಕೆ ಮೊದಲೇ?”

“ಐದು ತಿಂಗಳು ಮೊದಲು. ಹೆಸರು ಮಾತ್ರ ಕೊಟ್ಟಿದ್ದಳು. ಓಡಿದ್ದು ಸೊಸೆ. ಮೈಕಲ್ಲಿ ಕರೆದಾಗ... ನನಗೆ ಅವಳನ್ನ ಸತ್ತಳು ಅಂತ ಅನ್ನೋಕಾಗಲಿಲ್ಲ.”

ಮುದುಕಿ ಹತ್ತಿರದ ಪೆಟ್ಟಿಗೆಯ ಮೇಲೆ ಕೂತಳು. ಅವಳಿಗೆ ಮರುಕವಾದಂತೆ ಕಾಣಲಿಲ್ಲ. ಇನ್ನೂ ಸಿಟ್ಟೇ ಬಂದಂತಿತ್ತು.

“ಇಷ್ಟು ದಿನ ನನ್ನ ಕೈಲಿ ಸತ್ತವಳನ್ನ ಬೈಸಿದೆ,” ಎಂದಳು. “ನನಗೂ ದೇವರ ಮುಂದೆ ನಿಲ್ಲೋದಿದೆ. ಅಲ್ಲಿ ಅವಳು ಸಿಕ್ಕರೆ ನಾನು ಏನಂತ ಹೇಳಲಿ? ನಿನ್ನ ಗಂಡ ಹೇಳಲಿಲ್ಲ ಕಣಮ್ಮ ಅಂತಲಾ?”

“ಇನ್ನು ಮೇಲೆ ಬೈಬೇಡಿ. ಬೈಯೋದಾದರೆ ನನ್ನ ಬೈಯಿರಿ.”

“ನಾನು ಬಿಟ್ಟೇನು. ಊರು ಬಿಡುತ್ತಾ? ನಿನ್ನ ಹೆಸರು ಇಲ್ಲಿ ಯಾರಿಗೂ ಗೊತ್ತಿಲ್ಲ. ಅವಳದೇ ಗೊತ್ತಿರೋದು.”

ಕೆರೆಯ ಏರಿಯ ಮೇಲೆ ಇಬ್ಬರು ಹುಡುಗರು ಸೈಕಲ್ ತುಳಿಯುತ್ತ ಹೋದರು. ಅವಳು ಗೋಡೆಯ ಮೊಳೆಯ ಕಡೆ ಗದ್ದ ಎತ್ತಿ ತೋರಿಸಿದಳು. ಹಳೆಯ ಟ್ಯೂಬುಗಳು ತೂಗುತ್ತಿದ್ದ ಮೊಳೆ. “ಅಲ್ಲಿ ಹಾಕು,” ಎಂದಳು. ದರ್ಜಿ ಹಾಕಿದ. ಅವಳು ತಿರುಗಿ ನೋಡಲಿಲ್ಲ. ಅವನು ಮೆಟ್ಟಿಲಿಳಿಯುವಾಗ ಹಿಂದಿನಿಂದ ಮಾತು ಬಂತು.

“ಚೆನ್ನಾಗಿ ಓಡ್ತಾಳೆ ನಿನ್ನ ಸೊಸೆ. ಮಾಸ್ತರು ತೋರಿಸಿದ ಫೋಟೋದಲ್ಲಿ ಅಂಗಿ ನೋಡಿದ ಮೇಲೆ ಯಾವ ಬೆನ್ನು ಅಂತ ಗೊತ್ತಾಯ್ತು. ಏರಿ ಹತ್ತೋವಾಗ ಎಲ್ಲರೂ ಬಗ್ಗಿದರು, ಆ ಬೆನ್ನು ಒಂದು ಬಗ್ಗಲಿಲ್ಲ. ಹೇಳಿದ್ರಾ ಅವಳಿಗೆ ಯಾರಾದರೂ?”

ದರ್ಜಿ ಬಸ್ ನಿಲ್ದಾಣದ ಕಡೆ ನಡೆದ.

ಮನೆ ಸೇರಿದಾಗ ಸೊಸೆ ಒಣಗಿದ ಬಟ್ಟೆ ಮಡಿಸುತ್ತಿದ್ದಳು. ದರ್ಜಿ ನೀರು ಕುಡಿದು, ಲೋಟ ತೊಳೆದಿಟ್ಟು, ನಿಂತೇ ಹೇಳಿದ:

“ಕೊಟ್ಟು ಬಂದೆ. ನೀನು ಚೆನ್ನಾಗಿ ಓಡ್ತೀಯ ಅಂದಳು ಆಕೆ. ಏರಿ ಹತ್ತೋವಾಗ ಬೆನ್ನು ಬಗ್ಗಲಿಲ್ಲವಂತೆ.”

ಸೊಸೆಯ ಕೈ ಒಂದು ಗಳಿಗೆ ನಿಂತಿತು. “ಆಕೆ ಅಂದರಾ,” ಎಂದಳು. ಅಂಗಿಯ ತೋಳನ್ನು ಮಡಿಸಿ, ಇನ್ನೊಂದು ತೋಳನ್ನು ಅದರ ಮೇಲೆ ಮಡಿಸಿ, ಒಳಗೆ ಹೋದಳು.

ಚಹಾ ಅಂಗಡಿಯ ಮಾತನ್ನು ಅವನು ಮನೆಯಲ್ಲಿ ಹೇಳಲಿಲ್ಲ. ಅದನ್ನು ಒಬ್ಬನೇ ಇಟ್ಟುಕೊಂಡ. ಬದುಕಿದ್ದಷ್ಟು ದಿನ ಗಿರಾಕಿಯ ಬಟ್ಟೆಯಲ್ಲಿ ಉಳಿದ ಚೂರನ್ನೂ ಸುತ್ತಿ ವಾಪಸು ಕೊಡುತ್ತಿದ್ದವಳು, ಒಂದು ಊರಿನ ಬಾಯಲ್ಲಿ ಕಳ್ಳಿಯಾಗಿ ಉಳಿದಳು. ಮರುದಿನ ಅಂಗಡಿ ತೆರೆಯುವ ಮೊದಲು ಕಣ್ಣು ಮುಚ್ಚಿ ಕೂತು, ಮೊದಲ ಬಾರಿಗೆ ಅವಳನ್ನು ಹೆಸರು ಹಿಡಿದು ಕರೆದ. ಕೇಳಿ ಓಗೊಡುವವರು ಯಾರೂ ಇರಲಿಲ್ಲ. ಫೋಟೋದ ಚೌಕಟ್ಟಿನ ಮೂಲೆಯಲ್ಲಿ ಪದಕದ ಪಟ್ಟಿ ಉಜ್ಜಿ ಬಣ್ಣ ಹೋದ ಗುರುತು ಮಾತ್ರ ಇತ್ತು.

ಆ ವಾರ ಹಲಗೆಯ ಗಂಟು ಬಿಚ್ಚಿ ಪೈಜಾಮ ಹೊಲಿದ. ಬೆಳಗಿನ ಓಟಕ್ಕೆ ಬೇಕಾದೀತು ಎಂದು ಸೊಸೆಯ ಕೈಗೆ ಕೊಟ್ಟ. ಅವಳು ಸೊಂಟಕ್ಕೆ ಹಿಡಿದು ನೋಡಿ, “ಇದು ಅತ್ತೆ ಅಳತೆ ಮಾವ. ನನಗಾಗಲ್ಲ,” ಎಂದು ಮೆತ್ತಗೆ ಹೇಳಿ ಮಡಿಸಿ ಕೊಟ್ಟಳು. ಮೆತ್ತಗೆ ಹೇಳಿದ್ದೇ ಅವನಿಗೆ ಹೆಚ್ಚು ತಾಗಿತು.

ಮಳೆಗಾಲ ಕಳೆದ ಮೇಲೆ ಅವರದೇ ಊರಿನ ಇನ್ನೊಂದು ಬಡಾವಣೆಯಲ್ಲಿ ಒಂದು ಓಟವಿತ್ತು. ಸೊಸೆ ತನ್ನ ಹೆಸರಿನಲ್ಲೇ ನಂಬರು ತರಿಸಿದ್ದಳು. ಆ ಬೆಳಗ್ಗೆ ದರ್ಜಿ ಬೇಗ ಎದ್ದು, ಕನ್ನಡಕ ಹಾಕಿಕೊಂಡು, ಬಿಳಿಯ ದಾರವನ್ನು ಮೇಣಕ್ಕೆ ಉಜ್ಜಿ, ಸೂಜಿಗೆ ಪೋಣಿಸಿ ಕೂತಿದ್ದ. ಸೊಸೆ ಅಡಿಗೆಮನೆಯ ಬಾಗಿಲಲ್ಲಿ ನಿಂತು ಅಂಗಿಗೆ ನಂಬರು ಇಟ್ಟುಕೊಂಡಳು. ಗುಬ್ಬಿ ಪಿನ್ನಿನ ಡಬ್ಬಿ ಹಿಡಿದಿದ್ದಳು.

“ಇಲ್ಲಿ ಕೊಡಮ್ಮ,” ಎಂದ ದರ್ಜಿ. “ಒಂದು ಗಳಿಗೆ.”

“ಪಿನ್ನು ಸಾಕು ಮಾವ,” ಎಂದಳು ಸೊಸೆ.

ನಾಲ್ಕು ಮೂಲೆಗೂ ಒಂದೊಂದು ಪಿನ್ನು ಚುಚ್ಚಿಕೊಂಡಳು. ಒಂದು ಮೂಲೆ ಸ್ವಲ್ಪ ಸೊಟ್ಟಗಾಯಿತು. ಅದನ್ನು ಸರಿಮಾಡದೆ ಮೆಟ್ಟಿಲಿಳಿದು ಹೋದಳು. ಹಿಂದೆ ಗುಬ್ಬಿ, ಅವಳ ಹಿಂದೆ ನೀರಿನ ಬಾಟಲಿ ಹಿಡಿದು ಮಗ. ಬಾ ಎಂದು ಯಾರೂ ಕರೆಯಲಿಲ್ಲ. ದರ್ಜಿ ದಾರವನ್ನು ಸೂಜಿಯಿಂದ ಎಳೆದು ತೆಗೆದು, ಮತ್ತೆ ಉಂಡೆಗೆ ಸುತ್ತಿಟ್ಟ.